ಏಪ್ರಿಲ್‌ನಲ್ಲಿ ಬಂಡೆ, ಜುಲೈನಲ್ಲಿ ಅಂಗಳ: ಒಂದು ಕಾವೇರಿ ದಡದ ಪ್ರಕರಣ

2024ರ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ದೊಡ್ಡಪ್ಪ ಫೋನ್ ಮಾಡಿ, "ಹೊಳೆ ನಿಂತು ಹೋಯ್ತು ಮಗ, ಬಂದು ನೋಡು" ಅಂದರು. ಹೊಳೆ ಇಳಿಯಿತು ಅಂತ ಅವರು ಪ್ರತಿ ವರ್ಷ ಹೇಳುತ್ತಾರೆ. ಸೊರಗಿತು ಅಂತಲೂ ಹೇಳಿದ್ದಾರೆ. ನಿಂತಿತು ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅವರ ತೋಟ ಇರುವುದು ಕೊಡಗಿನ ಸಿದ್ದಾಪುರದಿಂದ ಕೆಳಗೆ, ವಾಲ್ನೂರಿನ ಕಡೆ, ಕಾವೇರಿಯ ಎಡದಂಡೆಯಲ್ಲಿ. ಮೇಲೆ ಮನೆ. ಅದರ ಮುಂದೆ ಕಾಫಿ ಒಣಗಿಸುವ ಕಣ. ಕಣದ ಕೆಳಗೆ ಒಂದಿಷ್ಟು ಅಡಿಕೆ, ಆಮೇಲೆ ಬಿದಿರು ಮೆಳೆ, ಆಮೇಲೆ ಹೊಳೆ. ಎದುರು ದಡ ದುಬಾರೆಯ ಕಾಡು. ನಾನು ಚಿಕ್ಕವನಿದ್ದಾಗ ಬೇಸಿಗೆ ರಜೆಯಲ್ಲಿ ಈಜು ಕಲಿತದ್ದು ಇಲ್ಲೇ. ಆಗ ಏಪ್ರಿಲ್‌ನಲ್ಲೂ ನಡುಹೊಳೆಯಲ್ಲಿ ಎದೆಮಟ್ಟ ನೀರಿರುತ್ತಿತ್ತು. ದೊಡ್ಡಮ್ಮ ದಡದಲ್ಲಿ ನಿಂತು, "ಆ ಬಂಡೆ ದಾಟಿ ಹೋಗ್ಬೇಡಿ" ಅಂತ ಕೂಗುತ್ತಿದ್ದರು.

ಆ ಬಂಡೆಯ ಬುಡಕ್ಕೆ ಈ ಸಲ ಚಪ್ಪಲಿ ಹಾಕಿಕೊಂಡೇ ನಡೆದು ಹೋದೆ. ಪಂಪಿನ ಫುಟ್‌ವಾಲ್ವ್ ಮರಳಿನ ಮೇಲೆ ಬಿದ್ದಿತ್ತು. ಅದರ ಜರಡಿಗೆ ಹತ್ತಿದ ಪಾಚಿ ಒಣಗಿ ಹಪ್ಪಳದ ಹಾಗೆ ಎದ್ದಿತ್ತು. ಬಂಡೆಗಳ ಮೇಲೆ ನೀರು ಇಳಿದ ಗೆರೆಗಳು ಒಂದರ ಕೆಳಗೆ ಒಂದು. ಒದ್ದೆ ಮರಳಿನಲ್ಲಿ ಆನೆ ಹೆಜ್ಜೆ. ರಾತ್ರಿ ಕಾಡಿನಿಂದ ಈಚೆ ದಾಟಿ, ಹಲಸು ತಿಂದು, ಹಿಂದೆ ಹೋಗಿವೆ. ಹೊಳೆ ತುಂಬಿದ್ದರೆ ಆನೆಗಳೂ ದಾಟುವ ಮೊದಲು ಯೋಚಿಸುತ್ತವೆ. ಒಣಗಿದರೆ ಅವಕ್ಕೆ ಅದು ರಸ್ತೆ.

ಮಧ್ಯದಲ್ಲಿ ಒಂದು ಮಡು ಉಳಿದಿತ್ತು. ನಾನು ಹೊಂಗೆ ಮರದಿಂದ ಒಂದು ಎಲೆ ಕಿತ್ತು ಮಡುವಿನ ಬಾಯಿಗೆ ಹಾಕಿದೆ. ಎರಡು ಬಂಡೆಗಳ ಸಂದಿಯಿಂದ ನೀರು ಕೆಳಕ್ಕೆ ಹೋಗಬೇಕಾದ ಜಾಗ ಅದು. ಎಲೆ ಗಾಳಿಗೆ ಸ್ವಲ್ಪ ತಿರುಗಿತು. ಆಮೇಲೆ ಸುಮ್ನೆ ನಿಂತಿತು. ಐದು ನಿಮಿಷ ನೋಡಿದೆ. ಹೋಗಲಿಲ್ಲ. ದೊಡ್ಡಪ್ಪ ಹೇಳಿದ್ದು ಸರಿ, ಹೊಳೆ ನಿಂತಿತ್ತು.

ಅದೇ ವರ್ಷ ಜುಲೈ ಮೂರನೇ ವಾರ. ಜೋರು ಮಳೆಯ ಕಕ್ಕಡ ತಿಂಗಳು ಆಗಷ್ಟೇ ಶುರುವಾಗಿತ್ತು. ಹೊಳೆ ಬಿದಿರು ಮೆಳೆಯನ್ನು ನುಂಗಿ, ಅಡಿಕೆ ದಾಟಿ, ಕಣದ ಕೆಳಗಿನ ಮೆಟ್ಟಿಲಿಗೆ ಬಂತು. ಮೋಟಾರನ್ನು ಹಗ್ಗ ಕಟ್ಟಿ ಮೊದಲೇ ಮೇಲೆ ಎಳೆದಿದ್ದರು. ದೊಡ್ಡಮ್ಮ ಅಕ್ಕಿ, ಬೇಳೆ, ಕಾಗದಪತ್ರ ಎಲ್ಲವನ್ನೂ ಅಟ್ಟಕ್ಕೆ ಏರಿಸಿದ್ದರು. ರಾತ್ರಿಯಿಡೀ ದೊಡ್ಡಪ್ಪ ಒಂದೊಂದು ಗಂಟೆಗೆ ಎದ್ದು ಟಾರ್ಚ್ ಹಾಕಿ ಮೆಟ್ಟಿಲು ಎಣಿಸಿದರು. ಬೇಸಿಗೆಯಲ್ಲಿ ಸೊರಗಿ ಕೂತಿದ್ದ ಕೆಆರ್‌ಎಸ್ ಜುಲೈ ಕೊನೆಯ ಹೊತ್ತಿಗೆ 124.80 ಅಡಿ, ಅಂದರೆ ಪೂರ್ತಿ ತುಂಬಿತು.

ಮೂರು ತಿಂಗಳು. ಅದೇ ದಡ, ಅದೇ ಬಂಡೆ. ಇದೇ ನಾನು ಬಿಡಿಸಲು ಹೊರಟ ಪ್ರಕರಣ.

ಮಳೆ ಒಂದೇ ಉತ್ತರವಾ?

"ಮಳೆ ಬರಲಿಲ್ಲ, ಬತ್ತಿತು. ಜಾಸ್ತಿ ಬಂತು, ಉಕ್ಕಿತು. ಅದರಲ್ಲಿ ಏನಿದೆ?" ಅಂತ ಸಿದ್ದಾಪುರದ ಸಂತೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ಮಾತಿನಲ್ಲಿ ಸತ್ಯ ಇದೆ. 2023ರ ಮುಂಗಾರು ಕೈಕೊಟ್ಟಿತ್ತು. 1901ರಿಂದ ಲೆಕ್ಕ ಇಟ್ಟ ಮೇಲೆ ಇಡೀ ದೇಶಕ್ಕೆ ಅತಿ ಒಣ ಆಗಸ್ಟ್ ಅಂದರೆ 2023ರ ಆಗಸ್ಟ್. ನಮ್ಮ ಕಡೆ ಆಗಸ್ಟ್ ಅಂದರೆ ಗದ್ದೆ ತುಂಬಿ ಬದು ಮೇಲೆ ನೀರು ಹೋಗುವ ಕಾಲ. ಆ ವರ್ಷ ಕೊಡೆ ಮಡಚಿಟ್ಟು ಓಡಾಡಿದೆವು.

ಆದರೆ ಮಳೆ ಕಡಿಮೆಯಾದ ವರ್ಷಗಳು ಹಿಂದೆಯೂ ಬಂದಿವೆ. ಆಗ ಹೊಳೆ ಸಣ್ಣದಾಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಮಳೆ ನಿಂತ ಮೇಲೆ ಹೊಳೆಯನ್ನು ನಡೆಸುವುದು ಯಾವುದು, ಅದಕ್ಕೆ ಏನಾಯಿತು ಅನ್ನುವುದು ನನ್ನ ಪ್ರಶ್ನೆ.

ಈ ಜಾಗ ಇಂಥ ಪ್ರಶ್ನೆಗೆ ಹೇಳಿ ಮಾಡಿಸಿದ ಹಾಗಿದೆ. ತಲಕಾವೇರಿಯಿಂದ ವಾಲ್ನೂರಿನವರೆಗೆ ಕಾವೇರಿಗೆ ಅಡ್ಡ ಒಂದೂ ದೊಡ್ಡ ಅಣೆಕಟ್ಟಿಲ್ಲ. ಹಾರಂಗಿಗೆ ಅಣೆಕಟ್ಟಿದೆ, 8.5 ಟಿಎಂಸಿಯದು, ಆದರೆ ಹಾರಂಗಿ ಕಾವೇರಿಗೆ ಸೇರುವುದು ಇನ್ನೂ ಕೆಳಗೆ, ಕೂಡಿಗೆಯಲ್ಲಿ. ಹಾಗಾಗಿ ದೊಡ್ಡಪ್ಪನ ಮೆಟ್ಟಿಲಿಗೆ ಬಂದ ನೀರನ್ನು ಯಾರೂ ಗೇಟ್ ತೆಗೆದು ಬಿಟ್ಟದ್ದಲ್ಲ. ಏಪ್ರಿಲ್‌ನಲ್ಲಿ ನಿಂತ ನೀರನ್ನು ಯಾರೂ ಗೇಟ್ ಹಾಕಿ ತಡೆದದ್ದೂ ಅಲ್ಲ. ಇಲ್ಲಿ ಹೊಳೆ ಹೇಗಿದೆಯೋ ಅದು ಪೂರ್ತಿ ಮೇಲಿನ ನೆಲದ ಲೆಕ್ಕ.

ಆ ನೆಲ ಹೇಗಿದೆ?

ತಲಕಾವೇರಿ ಸಮುದ್ರಮಟ್ಟದಿಂದ ಸುಮಾರು 1276 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಭಾಗಮಂಡಲಕ್ಕೆ 8 ಕಿಲೋಮೀಟರ್. ಆ ಸಣ್ಣ ದಾರಿಯಲ್ಲೇ ನೀರು 300 ಮೀಟರಿಗೂ ಜಾಸ್ತಿ ಇಳಿಯುತ್ತದೆ. ಭಾಗಮಂಡಲದಲ್ಲಿ ಕನ್ನಿಕೆ ಸೇರುತ್ತಾಳೆ, ಕಣ್ಣಿಗೆ ಕಾಣದ ಸುಜ್ಯೋತಿಯೂ ಸೇರುತ್ತಾಳೆ ಅನ್ನುವ ನಂಬಿಕೆ. ಅಲ್ಲಿಗೆ ಬೆಟ್ಟದ ಓಟ ಮುಗಿಯಿತು. ಅಲ್ಲಿಂದ ನಾಪೋಕ್ಲು, ಬಲಮುರಿ, ಬೇತ್ರಿ ಹಾದು ಸಿದ್ದಾಪುರಕ್ಕೆ ಬರುವವರೆಗೆ ಹೊಳೆ ಹಾವಿನ ಹಾಗೆ ಸುತ್ತಿ ಸುತ್ತಿ ಬರುತ್ತದೆ. ಯಾಕೆಂದರೆ ಇಳಿಜಾರು ತೀರಾ ಕಡಿಮೆ. ಎರಡೂ ಕಡೆ ಗದ್ದೆ ಬಯಲು, ಬಯಲಿನ ಆಚೆ ಕಾಫಿ ಗುಡ್ಡ. ದಾರಿಯಲ್ಲಿ ಕಕ್ಕಬ್ಬೆ ಹೊಳೆ, ಕದನೂರು ಹೊಳೆ ಸೇರಿಕೊಳ್ಳುತ್ತವೆ. ಸಿದ್ದಾಪುರದ ಹತ್ತಿರ ಕಾವೇರಿ ಇದ್ದಕ್ಕಿದ್ದ ಹಾಗೆ ಉತ್ತರಕ್ಕೆ ತಿರುಗಿ, ದುಬಾರೆ ದಾಟಿ, ಕುಶಾಲನಗರದ ಕಡೆ ಹೋಗುತ್ತದೆ.

ಮಳೆಯ ಹಂಚಿಕೆ ಇನ್ನೂ ವಿಚಿತ್ರ. ಭಾಗಮಂಡಲದ ಕಡೆ ವರ್ಷಕ್ಕೆ 5000 ಮಿಲಿಮೀಟರ್ ದಾಟುವುದು ಹೊಸದೇನಲ್ಲ. ಕುಶಾಲನಗರದ ಹತ್ತಿರ ಸಾವಿರದ ಆಸುಪಾಸು. ಒಂದೇ ಜಿಲ್ಲೆ, ಒಟ್ಟು 4102 ಚದರ ಕಿಲೋಮೀಟರ್, ಅಷ್ಟರಲ್ಲೇ ಇಷ್ಟು ವ್ಯತ್ಯಾಸ. ಬಿದ್ದ ಮಳೆಯೆಲ್ಲ ಕಾವೇರಿಗೂ ಬರುವುದಿಲ್ಲ. ಬೆಟ್ಟದ ಬೆನ್ನಿನಿಂದ ಒಂದು ಹೆಜ್ಜೆ ಆಚೆ ಬಿದ್ದ ಹನಿ ಪಡುವಣಕ್ಕೆ ಓಡುತ್ತದೆ. ಕುಮಾರಧಾರೆ, ಪಯಸ್ವಿನಿ, ಬರಪೊಳೆ, ಮೂರೂ ಹಾಗೆ ಹೋದವು. ದಕ್ಷಿಣದ ಲಕ್ಷ್ಮಣತೀರ್ಥ ಇರ್ಪು ಜಲಪಾತದಿಂದ ಇಳಿದು ತನ್ನದೇ ದಾರಿ ಹಿಡಿದು, ಕೆಆರ್‌ಎಸ್ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ.

ಹಾಗಾಗಿ ಪ್ರವಾಹದ ಅರ್ಧ ಉತ್ತರ ಸುಲಭ. ಪಶ್ಚಿಮದ ಅಂಚಿನಲ್ಲಿ ಮಳೆ ಸುರಿಯುತ್ತದೆ. ಬೆಟ್ಟದಿಂದ ಜೋರಾಗಿ ಇಳಿದ ನೀರು ಸಮತಟ್ಟು ಬಯಲಿಗೆ ಬಂದು ಮುಂದೆ ಹೋಗಲು ತಡ ಮಾಡುತ್ತದೆ. ಹೋಗಲಾಗದ್ದು ಅಕ್ಕಪಕ್ಕ ಹರಡುತ್ತದೆ. ದೊಡ್ಡಪ್ಪನ ಲೆಕ್ಕ ಏನೆಂದರೆ, ಭಾಗಮಂಡಲದಲ್ಲಿ ಸಂಗಮ ಮುಳುಗಿದ ಸುದ್ದಿ ಬಂದರೆ ಮಾರನೇ ದಿನ ನಮ್ಮ ಅಡಿಕೆಗೆ ನೀರು. ಟಿವಿಗಿಂತ ಅವರು ಆ ಸುದ್ದಿಯನ್ನೇ ನಂಬುತ್ತಾರೆ. ಮುಂಚೆ ಆ ಹರಡುವ ನೀರಿಗೆ ನಾಪೋಕ್ಲುವಿನಿಂದ ಇಲ್ಲಿಯವರೆಗೂ ಗದ್ದೆಗಳಿದ್ದವು. ನೀರು ಗದ್ದೆಯಲ್ಲಿ ಮಲಗಿ, ಎರಡು ದಿನ ಬಿಟ್ಟು ಇಳಿಯುತ್ತಿತ್ತು. ಈಗ ಎಷ್ಟೋ ಕಡೆ ಗದ್ದೆಗೆ ಮಣ್ಣು ತುಂಬಿ ಎತ್ತರ ಮಾಡಿದ್ದಾರೆ. ಅಲ್ಲಿ ಮಲಗಬೇಕಾದ ನೀರು ಇನ್ನೊಬ್ಬರ ಮನೆಯಲ್ಲಿ ಮಲಗುತ್ತದೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಯ ದಡದ ಮನೆಗಳಿಗೆ ಆದ ಗತಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಹೊಳೆಗೆ ಒತ್ತಿಕೊಂಡು ಇರುವವರು ಬಹುಪಾಲು ತೋಟದ ಕೂಲಿಯವರು. ಬೇರೆಡೆ ಸೈಟು ಕೊಳ್ಳಲು ಆಗದೆ ಅಲ್ಲಿ ಇರುವವರು. ಇದನ್ನು ಮರೆತು "ಹೊಳೆ ಪಕ್ಕ ಯಾಕೆ ಮನೆ ಕಟ್ಟಿದರು" ಅಂತ ಕೇಳುವುದು ನನಗೆ ಸರಿ ಕಾಣುವುದಿಲ್ಲ.

ಬೇಸಿಗೆಯ ಉತ್ತರ ಅಷ್ಟು ಸುಲಭ ಇರಲಿಲ್ಲ. ಅದಕ್ಕೆ ನಡೆಯಬೇಕಾಯಿತು.

ಎರಡು ಕೊಲ್ಲಿಗಳು

ನಮ್ಮ ಕಡೆ ಗುಡ್ಡದ ಸಂದಿಯಿಂದ ಇಳಿಯುವ ಸಣ್ಣ ತೊರೆಗೆ ಕೊಲ್ಲಿ ಅನ್ನುತ್ತೇವೆ. ದೊಡ್ಡಪ್ಪನ ತೋಟದ ಮೇಲ್ಗಡೆ ಒಂದು ಕೊಲ್ಲಿ ಕಾವೇರಿಗೆ ಸೇರುತ್ತದೆ. ಅಲ್ಲಿಂದ ಒಂದು ಕಿಲೋಮೀಟರೂ ಇಲ್ಲ, ಕೆಳಗಡೆ ಇನ್ನೊಂದು. ಎರಡೂ ಒಂದೇ ಗುಡ್ಡದ ಬೆನ್ನಿನಿಂದ ಬರುತ್ತವೆ. ಬೀಳುವ ಮಳೆ ಒಂದೇ, ಮಣ್ಣೂ ಒಂದೇ.

ಹೊಳೆ ನಿಂತ ಆ ವಾರ ನಾವಿಬ್ಬರೂ ಎರಡನ್ನೂ ನೋಡಿಕೊಂಡು ಬಂದೆವು. ಮೇಲಿನ ಕೊಲ್ಲಿಯ ಬಾಯಿಯಲ್ಲಿ ಮಣ್ಣು ಬಿರುಕು ಬಿಟ್ಟಿತ್ತು. ಮೋರಿಯೊಳಗೆ ಒಣ ತರಗೆಲೆ, ಪ್ಲಾಸ್ಟಿಕ್ ಕವರು. ಕೆಳಗಿನ ಕೊಲ್ಲಿಯ ಹತ್ತಿರ ಹೋಗುವ ಮುಂಚೆಯೇ ಸದ್ದು ಕೇಳಿಸಿತು. ಬೆರಳು ದಪ್ಪದ ನೀರು ಕಲ್ಲಿನಿಂದ ಕಲ್ಲಿಗೆ ಬೀಳುತ್ತಿತ್ತು. ನಾನು ಹೊಂಗೆ ಎಲೆ ಹಾಕಿದೆ. ಎಲೆ ಕಲ್ಲಿಗೆ ತಾಗಿ, ಬಿಡಿಸಿಕೊಂಡು, ಹೋಯಿತು.

ಎರಡನ್ನೂ ತಲೆಯವರೆಗೆ ಹತ್ತಿ ನೋಡಿದೆವು. ಕೆಳಗಿನ ಕೊಲ್ಲಿಯ ತಲೆಯಲ್ಲಿ ಒಂದು ಪುಟ್ಟ ದೇವರಕಾಡಿದೆ. ಕೊಡಗಿನಲ್ಲಿ ಇಂಥ 1214 ದೇವರಕಾಡುಗಳಿವೆ ಅನ್ನುವುದು ಲೆಕ್ಕ, ಇದು ಅದರಲ್ಲಿ ತೀರಾ ಸಣ್ಣದು. ಒಳಗೆ ಹೆಜ್ಜೆ ಇಟ್ಟರೆ ತರಗೆಲೆ ಸ್ಪಂಜಿನ ಹಾಗೆ ಒತ್ತಿಕೊಳ್ಳುತ್ತದೆ. ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ. ಒಂದೇ ಕುಟುಂಬದವರು ಇನ್ನೂ ಬಿಡದೆ ನಾಟಿ ಮಾಡುತ್ತಾರೆ. ಭತ್ತ ಕೊಯ್ದು ನಾಲ್ಕು ತಿಂಗಳಾಗಿದ್ದರೂ ಕೆಳಗಿನ ಗದ್ದೆಯ ಮೂಲೆಯಲ್ಲಿ ಕೈಯಿಂದ ಮಣ್ಣು ಒತ್ತಿದರೆ ನೀರು ಜಿನುಗುತ್ತಿತ್ತು.

ಮೇಲಿನ ಕೊಲ್ಲಿಯ ಬಯಲಿನಲ್ಲೂ ಮುಂಚೆ ಗದ್ದೆ ಇತ್ತು. ಈಗ ತಲೆಯ ಭಾಗ ಲೇಔಟಿಗೆ ಅಂತ ಸಮ ಮಾಡಿ ಬಿಟ್ಟಿದ್ದಾರೆ. ನಡುವಿನಲ್ಲಿ ಶುಂಠಿ, ಅದರ ಪಕ್ಕ ಅಡಿಕೆ. ಶುಂಠಿಗೂ ಅಡಿಕೆಗೂ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಅದಕ್ಕೆ ಎರಡು ಮೂರು ಅಡಿ ಆಳದ ಚರಂಡಿ ತೋಡುತ್ತಾರೆ. ಬಾಲದ ಭಾಗದ ಎರಡು ಎಕರೆ ದೊಡ್ಡಪ್ಪನದೇ. ಅವರೂ ಭತ್ತ ಬಿಟ್ಟು ಸುಮಾರು ಹತ್ತು ವರ್ಷವಾಗಿತ್ತು, ಅವರೂ ಚರಂಡಿ ತೋಡಿದ್ದರು. ಅಲ್ಲಿ ನಿಂತಾಗ ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಇದರಲ್ಲಿ ನೆಲದೊಳಗೆ ಆಗುವುದು ಇಷ್ಟು. ಮಳೆಗಾಲದಲ್ಲಿ ಗುಡ್ಡದ ಇಳಿಜಾರಿನಲ್ಲಿ ಇಂಗಿದ ನೀರು ಮಣ್ಣಿನೊಳಗೆ ನಿಧಾನ ಕೆಳಗೆ ಸರಿಯುತ್ತದೆ. ಅದು ಹೊರಗೆ ಬರುವುದು ಬಯಲಿನಲ್ಲಿ. ಗದ್ದೆಯ ಬದುಗಳು ಆ ನೀರನ್ನು ತಡೆದು ಬಯಲಿನ ನೆಲವನ್ನು ಮೇಲಿನವರೆಗೂ ನೆನೆಸಿ ಇಡುತ್ತವೆ. ಅಲ್ಲಿ ನೀರಿನ ಮಟ್ಟ ಮೇಲೆ ಇದ್ದರೆ, ಗುಡ್ಡದೊಳಗಿನ ನೀರೂ ಕೆಳಗೆ ಬರಲು ಅವಸರ ಮಾಡುವುದಿಲ್ಲ. ಚರಂಡಿ ತೋಡಿದರೆ ಆ ಮಟ್ಟ ಚರಂಡಿಯ ತಳಕ್ಕೆ ಇಳಿಯುತ್ತದೆ. ಮಾರ್ಚ್‌ವರೆಗೆ ಜಿನುಗಬೇಕಾದದ್ದು ನವೆಂಬರ್‌ನಲ್ಲೇ ಹರಿದು ಮುಗಿಯುತ್ತದೆ. ಹುಂಡಿಯ ತಳಕ್ಕೆ ತೂತು ಕೊರೆದ ಹಾಗೆ.

ಹಳಬರು ಇದನ್ನು ಜಮೀನಿನ ಲೆಕ್ಕದಲ್ಲೇ ಕಟ್ಟಿಟ್ಟಿದ್ದರು ಅಂತ ನನಗೆ ಅನ್ನಿಸುತ್ತದೆ. ಕೊಡಗಿನ ಜಮ್ಮಾ ಹಿಡುವಳಿಯಲ್ಲಿ, ಅಂದರೆ ವಂಶಪಾರಂಪರ್ಯವಾಗಿ ಬಂದ ಜಮೀನಿನಲ್ಲಿ, ಗದ್ದೆಯ ಜೊತೆಗೆ ಬಾಣೆ ಬರುತ್ತಿತ್ತು. ಗದ್ದೆಗೆ ಬೇಕಾದ ಸೊಪ್ಪು, ಸೌದೆ, ದನ ಮೇಯಲು ಜಾಗ, ಎಲ್ಲ ಆ ಇಳಿಜಾರಿನ ಬಾಣೆಯಿಂದ. ಗದ್ದೆ ಇದ್ದರೆ ಬಾಣೆ, ಬಾಣೆ ಇದ್ದರೆ ಗದ್ದೆ. ನೀರಿನ ಲೆಕ್ಕಕ್ಕೂ ಅದು ಸರಿಯಾದ ಜೋಡಿ: ಮೇಲೆ ಇಂಗಿಸುವ ನೆಲ, ಕೆಳಗೆ ಹಿಡಿಯುವ ನೆಲ. ಈಗ ಬಾಣೆಯಲ್ಲಿ ಕಾಫಿ, ಗದ್ದೆಯಲ್ಲಿ ಏನು ಬೇಕಾದರೂ. ಜೋಡಿ ಮುರಿಯಿತು.

ಎರಡು ಕೊಲ್ಲಿ ನೋಡಿ ಇಡೀ ಕಾವೇರಿಗೆ ತೀರ್ಪು ಕೊಡುವುದು ಸರಿಯಲ್ಲ, ಅದು ನನಗೂ ಗೊತ್ತು. ಮೇಲಿನ ಕೊಲ್ಲಿಯ ಪಕ್ಕ ಬೋರ್‌ವೆಲ್‌ಗಳೂ ಇವೆ, ಅವೂ ಎಳೆದಿರುತ್ತವೆ. ಶುಂಠಿಯವರನ್ನು ಬೈಯಲೂ ನನಗೆ ಮನಸ್ಸಿಲ್ಲ. ಭತ್ತದಲ್ಲಿ ದುಡ್ಡು ಹುಟ್ಟುವುದಿಲ್ಲ, ನಾಟಿಗೆ ಆಳು ಸಿಗುವುದಿಲ್ಲ, ಪೈರು ಬಂದರೆ ಆನೆ ಬರುತ್ತದೆ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಏಪ್ರಿಲ್‌ನ ಕಾವೇರಿ ತಲಕಾವೇರಿಯ ಕುಂಡಿಕೆಯಿಂದ ಬರುವ ನೀರಲ್ಲ. ಅದು ಇಂಥ ನೂರಾರು ಕೊಲ್ಲಿಗಳ ಬೆರಳು ದಪ್ಪದ ನೀರು ಕೂಡಿದ್ದು. ಒಂದೊಂದು ಕೊಲ್ಲಿ ನಿಂತಾಗ ಯಾರಿಗೂ ಗೊತ್ತಾಗುವುದಿಲ್ಲ. ಕೊನೆಗೆ ಹೊಳೆಯೇ ನಿಂತಾಗ ಎಲ್ಲರೂ ಆಕಾಶ ನೋಡುತ್ತೇವೆ.

ತುಲಾ ಸಂಕ್ರಮಣದ ಹಿಂದಿನ ದಿನ ಕೊಡವರ ಮನೆಗಳಲ್ಲಿ ಗದ್ದೆಗೂ ಬಾವಿಗೂ ಬಳ್ಳಿ ಸುತ್ತಿದ ಕೋಲು, ಅಂದರೆ ಬೊತ್ತ್, ಚುಚ್ಚುವ ಪದ್ಧತಿ ಇದೆ. ಕಾವೇರಿ ಉಕ್ಕುವುದು ಕುಂಡಿಕೆಯಲ್ಲಿ. ಗುರುತು ಹಾಕುವುದು ಮಾತ್ರ ಅವರವರ ಗದ್ದೆಯಲ್ಲಿ. ಆ ಪದ್ಧತಿ ಮಾಡಿದವರು ನೀರಿನ ದಾರಿ ಬಲ್ಲವರೇ ಇರಬೇಕು, ಅಲ್ವಾ?

ಒಂದು ಇಂಚು ಅಂದರೆ ಎಷ್ಟು?

ಕೊಡಗಿನ ತೋಟದವರು ಮಳೆಯನ್ನು ಇನ್ನೂ ಇಂಚು, ಸೆಂಟಿನಲ್ಲೇ ಅಳೆಯುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ದೊಡ್ಡಪ್ಪನ ಮನೆಯಲ್ಲೂ ಅಜ್ಜನ ಕಾಲದಿಂದ ಮಳೆ ಪುಸ್ತಕ ಇದೆ. ಬೆಳಿಗ್ಗೆ ಕಾಫಿ ಕುಡಿಯುವ ಮುಂಚೆ ಮಳೆಮಾಪಕ ನೋಡಿ ಬರೆದಿಡುವುದು ಆ ಮನೆಯ ಶಿಸ್ತು.

ರೋಬಸ್ಟಾ ಕಾಫಿಗೆ ಫೆಬ್ರವರಿ, ಮಾರ್ಚ್‌ನಲ್ಲಿ ಹೂ ಮಳೆ ಬೇಕು. ಹೂ ಅರಳಲು ಒಂದು ಒಂದೂವರೆ ಇಂಚು. ಅದಾಗಿ ಮೂರು ವಾರದೊಳಗೆ ಕಾಯಿ ಕಟ್ಟಲು ಇನ್ನೊಂದು ಮಳೆ, ಅದಕ್ಕೆ ಬ್ಯಾಕಿಂಗ್ ಅನ್ನುತ್ತೇವೆ. ಆಕಾಶದಿಂದ ಬಂದರೆ ಪುಣ್ಯ. ಬರದಿದ್ದರೆ ಸ್ಪ್ರಿಂಕ್ಲರ್. ಹೊಳೆ ದಡದವರು ಹೊಳೆಯಿಂದ, ಉಳಿದವರು ಕೆರೆಯಿಂದ ಎತ್ತುತ್ತಾರೆ.

ಒಂದು ಎಕರೆಗೆ ಒಂದು ಇಂಚು ನೀರು ಅಂದರೆ ಒಂದು ಲಕ್ಷ ಲೀಟರಿಗೂ ಸ್ವಲ್ಪ ಜಾಸ್ತಿ. ದೊಡ್ಡಪ್ಪನಿಗೆ 12 ಎಕರೆ ರೋಬಸ್ಟಾ. ಹೂವಿಗೆ ಒಂದೂವರೆ ಇಂಚು ಕೊಟ್ಟರೆ 18 ಲಕ್ಷ ಲೀಟರ್ ಆಯಿತು. ಬ್ಯಾಕಿಂಗಿಗೆ ಒಂದು ಇಂಚು ಅಂದರೆ ಇನ್ನೂ 12 ಲಕ್ಷ. ಸೆಕೆಂಡಿಗೆ 10 ಲೀಟರ್ ಹರಿಯುವ ಕೊಲ್ಲಿಯನ್ನು ಪೂರ್ತಿ ತಿರುಗಿಸಿಕೊಂಡರೂ ಹೂವಿನ ಸರದಿಗೆ ಎರಡು ದಿನಕ್ಕೂ ಜಾಸ್ತಿ ಬೇಕು. ಇದು ಒಂದು ಮಧ್ಯಮ ತೋಟದ ಲೆಕ್ಕ. ಹೊಳೆಯ ಎರಡೂ ಕಡೆ ಇಂಥ ಎಷ್ಟು ತೋಟ! ಎಲ್ಲರಿಗೂ ಬೇಕಾಗುವುದು ಅದೇ ಮೂರು ನಾಲ್ಕು ವಾರ. ಹೊಳೆ ಅತಿ ಬಡವಾಗಿರುವ ಹೊತ್ತಿಗೆ ಎಲ್ಲರೂ ಒಟ್ಟಿಗೆ ಕೈ ಹಾಕುತ್ತೇವೆ.

ಇನ್ನೊಂದು ಕಡೆಯಿಂದ ನೋಡಿ. ಒಂದು ಎಕರೆ ಗದ್ದೆಯಲ್ಲಿ ನಾಲ್ಕು ಇಂಚು ನೀರು ನಿಂತರೆ ನಾಲ್ಕು ಲಕ್ಷ ಲೀಟರ್. ಮಳೆ ಬಂದ ಹಾಗೆ ಅದು ಇಂಗುತ್ತದೆ, ತುಂಬುತ್ತದೆ, ಇಂಗುತ್ತದೆ. ಎರಡು ಎಕರೆ ಬಯಲು ಬಿಟ್ಟವನೇ 12 ಎಕರೆಗೆ ಹೊಳೆಯಿಂದ ನೀರು ಎತ್ತುತ್ತಿದ್ದಾನೆ ಅಂದರೆ, ಹಾಕದೆ ತೆಗೆಯುವ ಖಾತೆ ಅದು. ಈ ಮಾತು ನನ್ನದಲ್ಲ, ದೊಡ್ಡಪ್ಪನೇ ಹೇಳಿದ್ದು. ಲೆಕ್ಕವನ್ನು ಮಳೆ ಪುಸ್ತಕದ ಹಿಂದಿನ ಪುಟದಲ್ಲಿ ಪೆನ್ಸಿಲಿನಲ್ಲಿ ಹಾಕಿ ನನಗೆ ತೋರಿಸಿದರು.

ಮಡುವಿನಲ್ಲಿ ಉಳಿದವು

ನಿಂತ ಹೊಳೆಯ ಆ ಮಡುವಿನ ಪಕ್ಕ ನಾವು ಸಂಜೆವರೆಗೆ ಕೂತಿದ್ದೆವು. ನೀರು ಹಸಿರಾಗಿತ್ತು. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ನಿಂತ ನೀರು ಬಿಸಿಯಾದರೆ ಅದರಲ್ಲಿ ಆಮ್ಲಜನಕ ಕಡಿಮೆ. ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್‌ನ ಕೊಳೆ ನೀರೋ ಊರಿನ ಚರಂಡಿ ನೀರೋ ಸ್ವಲ್ಪ ಸೇರಿದರೂ ಸಾಕು, ಹರಿಯುವ ಹೊಳೆ ತಾಳಿಕೊಳ್ಳುವುದನ್ನು ಮಡು ತಾಳುವುದಿಲ್ಲ. ಒಂದು ನೀರುನಾಯಿ ಜೋಡಿ ಆಚೆ ದಡದಲ್ಲಿ ಬಂದು ಹೋಯಿತು. ಅವಕ್ಕೆ ಅದು ಹಬ್ಬ. ಮೀನಿಗೆ ತಪ್ಪಿಸಿಕೊಳ್ಳಲು ಜಾಗ ಇಲ್ಲ. ಮನುಷ್ಯರು ಮೀನು ಹಿಡಿಯಲು ತೋಟೆ, ಅಂದರೆ ಸಿಡಿಮದ್ದು, ಹಾಕುವುದೂ ಇಂಥ ಮಡುವಿಗೇ. ಒಂದು ಸದ್ದಿಗೆ ಒಂದು ಮೈಲಿ ಹೊಳೆಯ ಬೀಜವೇ ಹೋಗುತ್ತದೆ.

ಈ ವಾಲ್ನೂರಿನ ಹೊಳೆ ಮಹಶೀರ್ ಮೀನಿಗೆ ಹೆಸರಾದದ್ದು. ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯವರು ಇಲ್ಲಿ ವರ್ಷಗಟ್ಟಲೆ ಹೊಳೆ ಕಾದಿದ್ದಾರೆ, ಗಾಳ ಹಾಕಿ ಹಿಡಿದು ಮತ್ತೆ ನೀರಿಗೆ ಬಿಡುವ ಪದ್ಧತಿ ನಡೆಸಿದ್ದಾರೆ. ಕಾವೇರಿಯ ನಿಜವಾದ ಮಹಶೀರ್ ಅಂದರೆ ಕಿತ್ತಳೆ ರೆಕ್ಕೆಯ, ಬೆನ್ನು ಗೂನಾದ ದೊಡ್ಡ ಮೀನು. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಗಾಳಕ್ಕೆ ಸಿಕ್ಕಿತ್ತು. ಇಷ್ಟು ಹೆಸರಿದ್ದ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದು 2018ರಲ್ಲಿ: ಟಾರ್ ರೆಮಾದೇವಿ. ಅದೇ ವರ್ಷ ಅದು ಅಳಿವಿನ ಅಂಚಿನ ಮೀನುಗಳ ಪಟ್ಟಿಗೂ ಸೇರಿತು. ಈ ನಡುವೆ ಲೋನಾವಳದಲ್ಲಿ ಮರಿ ಮಾಡಿ ತಂದ, ಕೃಷ್ಣಾ ಕಡೆಯ ನೀಲಿ ರೆಕ್ಕೆಯ ಮಹಶೀರನ್ನು ಕಾವೇರಿಗೆ ಬಿಟ್ಟರು. ಒಳ್ಳೆಯ ಮನಸ್ಸಿನಿಂದಲೇ ಬಿಟ್ಟರು. ಅದು ಚೆನ್ನಾಗಿ ಹಬ್ಬಿತು, ಊರಿನದು ಹಿಂದೆ ಸರಿಯಿತು.

ಮಹಶೀರ್ ಮೊಟ್ಟೆ ಇಡುವುದು ಮಳೆಗಾಲದಲ್ಲಿ, ಹರಿಯುವ ನೀರಿನ ಜಲ್ಲಿಕಲ್ಲಿನ ನಡುವೆ. ಅಲ್ಲಿಗೆ ಮಣ್ಣು ಬಂದು ಕೂತರೆ ಮೊಟ್ಟೆ ಉಸಿರು ಕಟ್ಟುತ್ತದೆ. ಸಣ್ಣ ಮೀನುಗಳ ದಾರಿ ಬೇರೆ. ಮೊದಲ ಮಳೆಗೆ ಅವು ಹೊಳೆಯಿಂದ ಕೊಲ್ಲಿಗೆ, ಕೊಲ್ಲಿಯಿಂದ ಗದ್ದೆಗೆ ಹತ್ತುತ್ತವೆ. ನಮ್ಮ ಬಾಲ್ಯದ ಕೊಯಿಲೆ ಮೀನಿನ ಸಾರು ಬಂದದ್ದು ಆ ದಾರಿಯಿಂದ. ಗದ್ದೆಯ ಬೆಚ್ಚಗಿನ ತೆಳು ನೀರಿನಲ್ಲಿ ಮರಿ ಬೆಳೆದು, ನೀರು ಇಳಿಯುವಾಗ ಹೊಳೆಗೆ ವಾಪಸ್ ಬರುತ್ತವೆ. ಗದ್ದೆ ಹೋದರೆ ಅವುಗಳ ತೊಟ್ಟಿಲು ಹೋಯಿತು. ದೊಡ್ಡ ಮೀನಿಗೆ ಊಟ ಹೋಯಿತು.

ದಡದ ಮಾತನ್ನೂ ಸೇರಿಸಿಬಿಡುತ್ತೇನೆ. ಹತ್ತು ಹನ್ನೆರಡು ವರ್ಷದ ಹಿಂದೆ ನಮ್ಮ ಕಡೆಯ ಬಿದಿರು ಹೂ ಬಿಟ್ಟು ಸತ್ತಿತು. ಬಿದಿರಿಗೆ ಅದು ಸಹಜ, ಬೀಜ ಬಿದ್ದು ಮತ್ತೆ ಹುಟ್ಟುತ್ತದೆ. ಆದರೆ ಸತ್ತ ಮೆಳೆಯನ್ನು ಬುಡಸಮೇತ ತೆಗೆದು ದಡದ ಅಂಚಿನವರೆಗೆ ಕಾಫಿ, ಅಡಿಕೆ ಹಾಕಿದವರ ದಡ ಪ್ರವಾಹದಲ್ಲಿ ಕುಸಿಯಿತು. ದೊಡ್ಡಪ್ಪ ಸೋಮಾರಿತನದಿಂದಲೋ ಏನೋ ಮೆಳೆ ಮುಟ್ಟಲಿಲ್ಲ. ಮರಿ ಬಿದಿರು ಬಂತು, ಜೊತೆಗೆ ನೀರಂಜಿ, ಹೊಳೆಮತ್ತಿ, ಹೊಂಗೆ. ಅವರ ದಡ ನಿಂತಿದೆ.

ಮಾಡಿದ್ದು, ಆದದ್ದು

2024ರ ಪ್ರವಾಹ ಇಳಿದ ಮೇಲೆ ದೊಡ್ಡಪ್ಪ ಆ ಎರಡು ಎಕರೆಯ ಚರಂಡಿಗೆ ಮಣ್ಣು ಹಾಕಿ ಮುಚ್ಚಿದರು. ಹಳೆ ಬದುವಿನ ಜಾಡು ಹುಡುಕಿ ಮತ್ತೆ ಬದು ಕಟ್ಟಿಸಿದರು. ಕೆಳಗಿನ ಕೊಲ್ಲಿಯವರ ಹತ್ತಿರ ಭತ್ತದ ಅಗೆ (ಸಸಿ) ಕೇಳಿ ತಂದು, ತಡವಾದರೂ ನಾಟಿ ಮಾಡಿಸಿದರು. ದೊಡ್ಡಮ್ಮ, "ಈ ಭತ್ತದಲ್ಲಿ ಕೂಲಿ ಖರ್ಚು ಹುಟ್ಟಲ್ಲ" ಅಂದರು. ಹುಟ್ಟಲಿಲ್ಲ, ನಿಜ. ಹೂವಿನ ನೀರಿಗೆ ಅಂತ ಬಾಣೆಯ ಮೇಲ್ಭಾಗದಲ್ಲಿ ಒಂದು ಕೆರೆ ತೋಡಿಸಿದರು. ಜುಲೈ ಆಗಸ್ಟ್‌ನಲ್ಲಿ ಹೊಳೆಯಲ್ಲಿ ಬೇಡವೆಂದರೂ ನೀರಿರುತ್ತದೆ. ಆಗ ಕೊಲ್ಲಿಯಿಂದ ಕೆರೆ ತುಂಬಿಸಿಕೊಂಡು, ಮಾರ್ಚ್‌ನಲ್ಲಿ ಹೊಳೆಗೆ ಆದಷ್ಟು ಕಡಿಮೆ ಕೈ ಹಾಕುವುದು ಅವರ ಲೆಕ್ಕ. 12 ಎಕರೆಗೆ ಆ ಕೆರೆ ಸಾಲುವುದಿಲ್ಲ, ಅರ್ಧಕ್ಕೆ ಸಾಕಾಗುತ್ತದೆ. ಕಣದ ಕೆಳಗಿನ ಅಡಿಕೆಯ ಸಾಲು ಒಂದನ್ನು ಬಿಟ್ಟು, ಆ ಜಾಗವನ್ನು ಹೊಳೆಗೆ ಬಿಟ್ಟಿದ್ದಾರೆ.

2025ರ ಏಪ್ರಿಲ್‌ನಲ್ಲಿ ನಾವು ಮತ್ತೆ ಮೇಲಿನ ಕೊಲ್ಲಿಗೆ ಹೋದೆವು. ಮೋರಿಯ ಹತ್ತಿರ ನೆಲ ಒದ್ದೆ ಇತ್ತು. ಸಣ್ಣ ಗುಂಡಿಗಳಲ್ಲಿ ನೀರಿತ್ತು, ಗುಂಡಿಯಿಂದ ಗುಂಡಿಗೆ ಎಲೆ ಹೋಗುವಷ್ಟು ಮಾತ್ರ ಇರಲಿಲ್ಲ. ಕಾವೇರಿ ಆ ವರ್ಷ ನಿಲ್ಲಲಿಲ್ಲ. ಅದನ್ನು ದೊಡ್ಡಪ್ಪನ ಎರಡು ಎಕರೆಯ ಲೆಕ್ಕಕ್ಕೆ ಬರೆಯುವುದು ತಪ್ಪಾಗುತ್ತದೆ. ಹಿಂದಿನ ಮಳೆಗಾಲ ಭರ್ತಿಯಾಗಿತ್ತು. ಅದರ ಮೇಲೆ 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ನಿಜವಾದ ಪರೀಕ್ಷೆ ಇನ್ನೊಂದು ಬರದ ವರ್ಷದಲ್ಲಿ. ಆ ಹೊತ್ತಿಗೆ ಮೇಲಿನ ಕೊಲ್ಲಿಯ ನಡುಭಾಗದವರೂ ಒಂದೆರಡು ಚರಂಡಿಗೆ ಅಡ್ಡ ಹಾಕಿದ್ದರೆ ಮಾತ್ರ ಎಲೆ ಹೋದೀತು. ಅವರ ಜೊತೆ ಮಾತು ನಡೆದಿದೆ. ಶುಂಠಿ ಗುತ್ತಿಗೆ ಮುಗಿಯಲಿ, ನೋಡೋಣ ಅಂದಿದ್ದಾರೆ.

ಮಳೆ ಪುಸ್ತಕದಲ್ಲಿ ಈಗ ದಿನಾಂಕ, ಇಂಚು, ಸೆಂಟು ಆದ ಮೇಲೆ ಇನ್ನೆರಡು ಗೆರೆ ಎಳೆದಿದ್ದಾರೆ. ಒಂದರ ತಲೆಯ ಮೇಲೆ "ಮೇಲಿನ ಕೊಲ್ಲಿ", ಇನ್ನೊಂದರ ಮೇಲೆ "ಕೆಳಗಿನ ಕೊಲ್ಲಿ". ಜನವರಿಯಿಂದ ಮೇವರೆಗೆ ಪ್ರತಿ ಭಾನುವಾರ ಹೋಗಿ ಎಲೆ ಹಾಕಿ ನೋಡುತ್ತಾರೆ. ಹೋದರೆ "ಹೋಯಿತು", ಇಲ್ಲದಿದ್ದರೆ "ಇಲ್ಲ". ಮೊಣಕಾಲು ನೋವಿದ್ದ ವಾರ ದೊಡ್ಡಮ್ಮ ಹೋಗಿ ನೋಡಿ ಬಂದಿದ್ದಾರೆ. ಆ ಸಾಲು ಅವರ ಅಕ್ಷರದಲ್ಲಿದೆ.